ಸೈರನ್ ಕೂಗುತ್ತಿದ್ದ ಬೀದಿ

ನಾನು ಬೆಳೆದದ್ದು ಬೆಂಗಳೂರಿನ ಅಂಚಿನಲ್ಲಿದ್ದ ಜಾಲಹಳ್ಳಿಯ ಎಚ್‌ಎಂಟಿ ಕಾಲೊನಿಯಲ್ಲಿ. 1953ರಲ್ಲಿ ಶುರುವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರವನ್ನೂ ಮಾಡತೊಡಗಿತು. ಅಪ್ಪ ಗಡಿಯಾರದ ಕಾರ್ಖಾನೆಯಲ್ಲಿದ್ದರು. ನಮ್ಮ ಬೀದಿ ಮಾತ್ರ ನಡೆಯುತ್ತಿದ್ದುದು ಸೈರನ್ನಿನ ಮೇಲೆ. ಬೆಳಿಗ್ಗೆ ಅದು ಕೂಗಿದರೆ ಸೈಕಲ್ಲುಗಳ ಸಾಲು ಗೇಟಿನತ್ತ ಸಾಗುತ್ತಿತ್ತು. ಸಂಜೆ ಕೂಗಿದರೆ ನಾವು ಲಗೋರಿ ಬಿಟ್ಟು ಅಪ್ಪಂದಿರತ್ತ ಓಡುತ್ತಿದ್ದೆವು.

ಎದುರುಮನೆಯವರು ಹಾಸನದ ಕಡೆಯವರು, ಹಿಂದಿನವರು ತೆಲುಗರು, ಪಕ್ಕದಲ್ಲಿ ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಕೇರಳದವರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರತೊಡಗಿದಾಗ, ಭಾನುವಾರ ಬೆಳಿಗ್ಗೆ ಇಡೀ ಬೀದಿಯ ಚಪ್ಪಲಿಗಳು ಟಿವಿ ಇದ್ದ ಒಂದೇ ಮನೆಯ ಬಾಗಿಲಲ್ಲಿ.

ಅಮ್ಮ ತಮ್ಮನ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ನನಗೆ ಜಡೆ ಹಾಕಿದವರು ಚೇಚಿ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಸಿಕ್ಕು ಬಿಡಿಸುವಾಗ ಕೂದಲ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದರು, ನನಗೆ ನೋಯದಿರಲೆಂದು. ಅವರಿಗೆ ಕನ್ನಡ ಅರ್ಧಂಬರ್ಧ, ನನಗೆ ಮಲಯಾಳಂ ಏನೂ ಬಾರದು. "ನೋವಾಯ್ತಾ ಮೋಳೇ?" ಎಂಬ ಅವರ ಮಾತಿನಲ್ಲಿ ಎರಡೂ ಇದ್ದವು. ಆ ವಯಸ್ಸಿನಲ್ಲಿ ಅಮ್ಮ ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ! ಚೇಚಿಯ ಮಡಿಲು ಸಿಕ್ಕಿದ ಮೇಲೆ ಆ ಭಯ ಹತ್ತಿರ ಬರಲಿಲ್ಲ.

2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆ ಸುದ್ದಿ ಓದಿದ ದಿನ ಅಪ್ಪನ ಎಚ್‌ಎಂಟಿ ಜನತಾ ಕೈಗಡಿಯಾರಕ್ಕೆ ಕೀಲಿ ಕೊಟ್ಟೆ. ಅದು ಓಡಿತು. ಇವತ್ತು ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗಲೂ ನನ್ನ ಬೆರಳುಗಳು ಕೂದಲ ಬುಡವನ್ನು ಒತ್ತಿ ಹಿಡಿದಿದ್ದವು.