ಪ್ರಿಂಟರ್ ರಿಪೇರಿಗಷ್ಟೇ ಅಲ್ಲ, ಮೀಟಿಂಗಿಗೂ ಕರೀರಿ

ನಾನು ರಬಕವಿಯವನು. ನಮ್ಮೂರಾಗ ಮಗ್ಗ ನಿಂತ್ರ ರಿಪೇರಿ ಮಾಡಾಂವ ಬೇಕು. ಮುಂದಿನ ಹಬ್ಬಕ್ಕ ಯಾವ ಸೀರಿ ನೇಯಬೇಕು ಅಂತ ಲೆಕ್ಕಾ ಹಾಕಾಂವನೂ ಬೇಕು. ಕಂಪನಿಯ ಐಟಿ ಟೀಮಿಗೂ ಇವೆರಡೂ ಕೆಲಸ ಇವೆ. ಆದ್ರೆ ನನ್ನನ್ನ ಕರೀತಿದ್ದದ್ದು ಮೊದಲನೆಯದಕ್ಕಷ್ಟೇ: ಪಾಸ್‌ವರ್ಡ್ ಮರೆತಾಗ, ಪ್ರಿಂಟರ್ ನಿಂತಾಗ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮೀಟಿಂಗಿಗೆ ಕರೆಯಲಿಲ್ಲ. ಅದು ಕೈಕೊಟ್ಟಾಗ ಮಧ್ಯರಾತ್ರಿ ಫೋನ್ ಬಂದದ್ದು ಮಾತ್ರ ನನಗೇ.

ಈ ಎರಡು ಕೆಲಸಗಳ ವ್ಯತ್ಯಾಸ ತಿಳೀಬೇಕಂದ್ರೆ ನಮ್ಮ ರಾಜ್ಯದ ‘ಭೂಮಿ’ ಯೋಜನೆ ನೋಡಿ. 2000ರ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಬರೀ ಟೈಪ್ ಮಾಡಿದ್ದರೆ ಅದು ದಿನನಿತ್ಯದ ಕೆಲಸ ಅಷ್ಟೇ. ಕೈಬರಹದ ಪಹಣಿ ಇನ್ಮುಂದೆ ನಡೆಯಲ್ಲ, ಖಾತೆ ಬದಲಾವಣೆ ಅರ್ಜಿ ಸರದಿಯಂತೆಯೇ ವಿಲೇವಾರಿ ಆಗಬೇಕು ಅಂತ ಪದ್ಧತಿಯನ್ನೇ ಬದಲಿಸಿದರಲ್ಲ, ಅದು ದಿಕ್ಕು ತೋರಿಸುವ ಕೆಲಸ. ಹಾಗಂತ ಜಮಖಂಡಿ ಕಚೇರಿಯ ಕಂಪ್ಯೂಟರ್ ಕೆಟ್ಟರೆ ರೈತ ಸಾಲಿನಲ್ಲೇ ನಿಲ್ಲಬೇಕು. ಅದಕ್ಕೇ ಎರಡೂ ಬೇಕು.

ಐಟಿಗೆ ಬರೋ ತಮ್ಮ, ತಂಗಿಯರಿಗೆ ಒಂದು ಮಾತು: ಟಿಕೆಟ್ ಮುಚ್ಚಿ ಸುಮ್ಮನಾಗಬೇಡಿ. ಒಂದೇ ದೂರು ಮೂರು ಸಲ ಬಂದ್ರೆ ಬರೆದಿಡಿ. ಅದರಿಂದ ಎಷ್ಟು ತಾಸು ಹಾಳಾಯ್ತು ಅನ್ನೋ ಲೆಕ್ಕಾನ ಮ್ಯಾನೇಜರ್ ಮುಂದಿಡಿ. ಮುಂದಿನ ಮೀಟಿಂಗಿಗೆ ನಿಮ್ಮನ್ನ ಬಿಟ್ಟು ಕೂರೋದು ಅವರಿಗೇ ಕಷ್ಟ ಆಗುತ್ತೆ.