ಗುರುವಾರದ ಪೆಗ್ಗು, ಶುಕ್ರವಾರದ ಡೈವು

(ಮಸ್ಕತ್‌ನಲ್ಲಿ ನಮ್ಮ ಸಂಘದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಮೈಕ್ ಹಿಡಿದು ಅಭ್ಯಾಸ ಇಲ್ಲ. ಊರು ಭಟ್ಕಳದ ಹತ್ತಿರ. ಇಲ್ಲಿ ಒಂದು ಡೈವಿಂಗ್ ಸೆಂಟರ್‌ನಲ್ಲಿ ಕಂಪ್ರೆಸರ್ ಮೆಕ್ಯಾನಿಕ್ ಆಗಿ ಸೇರಿದವನು. ಹತ್ತು ವರ್ಷ ಬೇರೆಯವರ ಸಿಲಿಂಡರಿಗೆ ಗಾಳಿ ತುಂಬಿಸಿ, ಆಮೇಲೆ ನಾನೂ ಪರೀಕ್ಷೆ ಕಟ್ಟಿ ಡೈವ್‌ಮಾಸ್ಟರ್ ಆದೆ. ಕಾರ್ಯದರ್ಶಿಗಳು "ದೈಮಾನಿಯಾತ್ ದ್ವೀಪಗಳ ಆಮೆ, ಮೀನುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದಿದ್ದರು. ಆಮೆ ಎಲ್ಲೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ಹೇಳ್ತೇನೆ. ಇವತ್ತು ಕುಡಿಯುವ ವಿಷಯ. ನಗಬೇಡಿ. ನಾನೂ ಕುಡಿಯುವವನೇ, ಪಾನನಿರೋಧದ ಭಾಷಣ ಮಾಡಲು ಬಂದಿಲ್ಲ.

ನಮಗಿಲ್ಲಿ ಶುಕ್ರವಾರ, ಶನಿವಾರ ರಜೆ. ಹಾಗಾಗಿ ಗುರುವಾರ ರಾತ್ರಿ ಪಾರ್ಟಿ, ಶುಕ್ರವಾರ ಬೆಳಿಗ್ಗೆ ಡೈವ್. ಬೆಳಿಗ್ಗೆ ಏಳೂವರೆಗೆ ಬೋಟ್ ಹತ್ತುವಾಗ ಬಾಯಿ ವಾಸನೆ ಬಂದರೆ ನಾನು ಕೆಳಗೆ ಇಳಿಸ್ತೇನೆ. "ಕುಡಿದದ್ದು ನಿನ್ನೆ ಮಾರಾಯಾ, ಈಗಲ್ಲ" ಅಂತ ಜಗಳಕ್ಕೆ ಬರ್ತಾರೆ. ಲೆಕ್ಕ ನೋಡಿ. 30 ಎಂ.ಎಲ್.ನ ಒಂದು ಸಣ್ಣ ಪೆಗ್ ಕರಗಲು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ದೊಡ್ಡ ಪೆಗ್‌ಗೆ ಎರಡು. ರಾತ್ರಿ ಹತ್ತಕ್ಕೆ ಶುರು ಮಾಡಿ ಆರು ದೊಡ್ಡ ಪೆಗ್ ಹಾಕಿದವನ ರಕ್ತದಲ್ಲಿ ಬೆಳಿಗ್ಗೆ ಬೋಟ್ ಹತ್ತುವಾಗಲೂ ಮದ್ಯ ಇದ್ದೇ ಇರ್ತದೆ. ಕಾಫಿ ಕುಡಿದರೆ, ತಣ್ಣೀರು ಸ್ನಾನ ಮಾಡಿದರೆ ಎಚ್ಚರ ಆಗಬಹುದು, ಮದ್ಯ ಮಾತ್ರ ಬೇಗ ಇಳಿಯೋದಿಲ್ಲ.

ಇಳಿದ ಮೇಲೂ ಮೈಯಲ್ಲಿ ನೀರು ಕಡಿಮೆ. ಮದ್ಯ ಮೂತ್ರ ಹೆಚ್ಚಿಸ್ತದೆ. ಮೈ ನೀರಿನಲ್ಲಿ ಮುಳುಗಿದರೂ ಮೂತ್ರ ಹೆಚ್ಚು. ನಾವು ಸಿಲಿಂಡರಿಗೆ ತುಂಬುವ ಗಾಳಿ ಒಣ ಗಾಳಿ; ತೇವ ಉಳಿದರೆ ಒಳಗೆ ತುಕ್ಕು ಹಿಡೀತದೆ ಅಂತ ಫಿಲ್ಟರ್‌ನಲ್ಲಿ ತೆಗೆದುಬಿಡ್ತೇವೆ. ಆ ಒಣ ಗಾಳಿಯನ್ನೇ ನೀವು ಮುಕ್ಕಾಲು ಗಂಟೆ ಉಸಿರಾಡೋದು. ಮೇಲಿಂದ ಒಮಾನ್‌ನ ಬಿಸಿಲು. ಇನ್ನು ಆಳ. 2003ರಲ್ಲಿ ಬಂದರ್ ಖೈರಾನ್ ಹತ್ತಿರ ಮುಳುಗಿಸಿದ ಅಲ್ ಮುನಾಸಿರ್ ಹಡಗು ಸುಮಾರು 30 ಮೀಟರ್ ಆಳದಲ್ಲಿದೆ. ಅಷ್ಟು ಕೆಳಗೆ ಹೋದರೆ ಗಾಳಿಯಲ್ಲಿರುವ ಸಾರಜನಕವೇ ತಲೆಗೆ ಏರ್ತದೆ. ಕುಡಿಯದವನಿಗೂ ಅಮಲು. ಮೀಟರ್‌ನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ನೋಡ್ತಾನೆ, ಆದರೆ ಅದರ ಅರ್ಥ ತಲೆಗೆ ಹೋಗೋದಿಲ್ಲ. ಅದರ ಮೇಲೆ ನಿನ್ನೆಯದೂ ಸೇರಿದರೆ?

ಇದೆಲ್ಲ ಡೈವ್ ಮೊದಲಿನ ಮಾತು. ಇದನ್ನು ಸುಮಾರು ಜನ ಒಪ್ತಾರೆ. ನಾನು ಹೇಳಬೇಕು ಅಂತ ಬಂದದ್ದು ಡೈವ್ ಮುಗಿದ ಮೇಲಿನದ್ದು.

ಹೋದ ವರ್ಷ ನಾವು ಹನ್ನೊಂದು ಜನ ದೈಮಾನಿಯಾತ್‌ಗೆ ಹೋಗಿದ್ದೆವು. ಎಲ್ಲ ಕನ್ನಡದವರೇ. ಎರಡು ಡೈವ್, ಎಲ್ಲ ಸರಿಯಾಗಿಯೇ ಆಯ್ತು. ಸಂಜೆ ಬೀಚ್ ಹತ್ತಿರ ಒಂದು ಮನೆಯಲ್ಲಿ ಬಾರ್ಬೆಕ್ಯೂ, ಬಿಯರು. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಒಬ್ಬರು "ಭುಜ ನೋಯ್ತಾ ಇದೆ" ಅಂದರು. ಆಮೇಲೆ ಕಾಲು ಜೋಮು ಅಂದರು. ಬಾತ್‌ರೂಮಿಗೆ ಹೋಗುವಾಗ ಓಲಾಡಿ ಗೋಡೆ ಹಿಡಿದರು. ನಾವೆಲ್ಲ ನಕ್ಕೆವು. "ಅಣ್ಣನಿಗೆ ಜಾಸ್ತಿ ಆಯ್ತು, ಮಲಗಿಸಿ" ಅಂದದ್ದು ಯಾರು ಗೊತ್ತುಂಟಾ? ನಾನು. ಆ ಗುಂಪಿನಲ್ಲಿ ಲಕ್ಷಣ ಗುರುತು ಹಿಡಿಯುವ ತರಬೇತಿ ಆಗಿದ್ದವನು ನಾನೊಬ್ಬನೇ. ನನ್ನ ಕೈಯಲ್ಲೂ ನಾಲ್ಕನೇ ಕ್ಯಾನ್ ಇತ್ತು.

ಗೋಲಿಸೋಡಾ ನೆನಪಿದೆಯಲ್ಲ? ಒತ್ತಡ ಇರುವ ತನಕ ಗ್ಯಾಸ್ ನೀರಿನಲ್ಲಿ ಕರಗಿರ್ತದೆ, ಗೋಲಿ ಒತ್ತಿದ ಕೂಡಲೇ ಬುಸ್ ಅಂತ ಗುಳ್ಳೆ. ಆಳದಲ್ಲಿ ರಕ್ತಕ್ಕೆ, ಮಾಂಸಕ್ಕೆ ಸೇರಿದ ಸಾರಜನಕವೂ ಹಾಗೇ. ಅದಕ್ಕೇ ನಿಧಾನ ಮೇಲೆ ಬರೋದು, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲೋದು. ಎಲ್ಲ ಸರಿ ಮಾಡಿದರೂ ಕೆಲವೊಮ್ಮೆ ಗುಳ್ಳೆ ಕೈ ಕೊಡ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯ ಅಗೆಯಲು 1870ರ ದಶಕದಲ್ಲಿ ಒತ್ತಡದ ಗಾಳಿಯ ಪೆಟ್ಟಿಗೆಯೊಳಗೆ ಇಳಿದ ಕೂಲಿಗಳಿಗೆ ಇದೇ ಕಾಯಿಲೆ ಬಂತು. ಅವರಲ್ಲೂ ಬಹಳಷ್ಟು ಜನ ನಮ್ಮ ಹಾಗೆ ಬೇರೆ ದೇಶದಿಂದ ದುಡಿಯಲು ಬಂದವರು.

ಇದರ ಲಕ್ಷಣ ಏನು? ಸುಸ್ತು, ತಲೆನೋವು, ವಾಂತಿ, ತಲೆಸುತ್ತು, ಓಲಾಟ, ತೊದಲು ಮಾತು, ಜೋಮು. ಕುಡಿದವನ ಲಕ್ಷಣ ಏನು? ಒಂದೊಂದಾಗಿ ಹೋಲಿಸಿ ನೋಡಿ.

ಬೆಳಿಗ್ಗೆ ಐದಕ್ಕೆ ಅವರು ನನ್ನನ್ನು ಎಬ್ಬಿಸಿ "ಮೂತ್ರ ಬರ್ತಾ ಇಲ್ಲ, ಎಡಗಾಲು ನನ್ನದಲ್ಲ ಅನ್ನಿಸ್ತಾ ಇದೆ" ಅಂದರು. ನನ್ನ ಅಮಲೆಲ್ಲ ಅಲ್ಲೇ ಇಳಿಯಿತು. ಆಕ್ಸಿಜನ್ ಇದ್ದದ್ದು ಬೋಟ್‌ನಲ್ಲಿ. ಇಪ್ಪತ್ತು ನಿಮಿಷದ ದಾರಿ. ರಾತ್ರಿಯೇ ಗೊತ್ತಾಗಿದ್ದರೂ ಗಾಡಿ ಓಡಿಸುವ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ. ಆಮೇಲೂ ಅರ್ಧ ಗಂಟೆ ಹಾಳು ಮಾಡಿದೆವು. ಆಸ್ಪತ್ರೆಯಲ್ಲಿ ಕುಡಿದದ್ದು ಗೊತ್ತಾದರೆ ಕಂಪನಿಗೆ ಸುದ್ದಿ ಹೋಗ್ತದಾ, ವೀಸಾಕ್ಕೆ ತೊಂದರೆ ಆಗ್ತದಾ ಅಂತ ಚರ್ಚೆ! ಡಾಕ್ಟರ್ ಕೇಳಿದ್ದು ಇಷ್ಟೇ: ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಕುಡಿದಿದ್ದಾರೆ, ಮೊದಲ ನೋವು ಎಷ್ಟು ಗಂಟೆಗೆ. ಕೊನೆಯದ್ದಕ್ಕೆ "ಒಂಬತ್ತು" ಅಂತ ಹೇಳುವಾಗ ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಅವರನ್ನು ಒತ್ತಡದ ಚೇಂಬರ್‌ಗೆ ಹಾಕಿದರು. ಒಳಗೆ 18 ಮೀಟರ್ ಆಳದಷ್ಟು ಒತ್ತಡ, ಮುಖವಾಡದಲ್ಲಿ ಶುದ್ಧ ಆಮ್ಲಜನಕ. ಮೊದಲ ದಿನವೇ ಸುಮಾರು ಐದು ಗಂಟೆ, ಆಮೇಲೆ ಮತ್ತೆ ಮತ್ತೆ. ಈಗ ನಡೀತಾರೆ. ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಹೇಳು ಅಂತ ಅವರೇ ಒಪ್ಪಿಗೆ ಕೊಟ್ಟದ್ದು. ಎಡ ಪಾದದ ಅಡಿಯಲ್ಲಿ ಮಾತ್ರ ಇನ್ನೂ ಬಿಸಿ ತಣ್ಣಗೆ ಗೊತ್ತಾಗೋದಿಲ್ಲ. ಬಿಯರ್‌ನಿಂದಲೇ ಗುಳ್ಳೆ ಬಂತು ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ಎಂಟು ಗಂಟೆ ಹೋದದ್ದು ಬಿಯರ್‌ನಿಂದಲೇ.

ಹೆಚ್ಚಿನವರಿಗೆ ಲಕ್ಷಣ ಕಾಣೋದು ಮೊದಲ ಕೆಲವು ಗಂಟೆಗಳಲ್ಲಿ, ಕೆಲವರಿಗೆ 24 ಗಂಟೆಯವರೆಗೂ ತಡ ಆಗಬಹುದು. ಅದಕ್ಕೆ ನಮ್ಮ ಗುಂಪಿನಲ್ಲಿ ಡೈವ್ ಮಾಡಿದ ರಾತ್ರಿ ಈಗ ಮಜ್ಜಿಗೆ. ಅದೇ ದಿನ ಜಬಲ್ ಅಖ್ದರ್ ಹತ್ತೋದೂ ಇಲ್ಲ, ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇನ್ನೂ ಕಡಿಮೆ. ರಜೆಗೆ ಊರಿಗೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡುವವರೂ ಇದ್ದೀರಿ. ಎರಡು ಡೈವ್ ಮಾಡಿದ ಮೇಲೆ ವಿಮಾನಕ್ಕೆ 18 ಗಂಟೆಯಾದರೂ ಬಿಡಿ.

ಮುಂದಿನ ಶುಕ್ರವಾರ ಬೋಟ್ ಇದೆ. ಊಟದ ಕೌಂಟರ್ ಪಕ್ಕ ಹಾಳೆ ಇಟ್ಟಿದ್ದೇನೆ, ಬರುವವರು ಹೆಸರು ಬರೀರಿ. ಬಲಗಡೆ ಇನ್ನೊಂದು ಕಾಲಂ ಉಂಟು: ಯಾರು ಏನೇ ಮಾಡಿದರೂ ಆ ರಾತ್ರಿ ಒಂದು ತೊಟ್ಟೂ ಮುಟ್ಟದೆ ಗಾಡಿ ಕೀ ಇಟ್ಟುಕೊಳ್ಳುವವರು. ಎರಡು ಜನ ಬೇಕು. ಒಂದು ಹೆಸರು ಬರೆದಾಗಿದೆ, ನನ್ನದು.