ಸಿಪ್ಪೆಯ ವಿದ್ಯುತ್ತು, ಸಭಾಸದರ ಪಾಲು
(ಕುಣಿಕೋಣೂರಿನ ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧ ನೀರೇ. ಆದರೂ ಹೆಚ್ಚು ಒತ್ತಡದ ಬಾಯ್ಲರಿನಲ್ಲಿ ಉರಿಸಿದರೆ ಕಾರ್ಖಾನೆಯ ಬಳಕೆಗೆ ಸಾಲುವಷ್ಟಾಗಿ, ಹೊರಗೆ ಮಾರುವಷ್ಟು ವಿದ್ಯುತ್ತೂ ಉಳಿಯುತ್ತದೆ. ನಮ್ಮ ಜತ್ತ ತಾಲೂಕಿನ ಗಾಳಿಯಂತ್ರಗಳಿಗೆ ಆಷಾಢವೇ ಸುಗ್ಗಿ; ಸಿಪ್ಪೆಯ ವಿದ್ಯುತ್ತು ಚಳಿಗಾಲದ ಹಂಗಾಮಿನಲ್ಲಿ ಹಗಲಿರುಳೂ ಬರುತ್ತದೆ.

ಇದನ್ನು ಕೊಳ್ಳುವವರು ಯಾರು? ವಿತರಣಾ ಕ್ಷೇತ್ರದ ಒಟ್ಟು ಬಳಕೆಯಲ್ಲಿ ಶೇಕಡಾ ಎಷ್ಟನ್ನು ಇಂಥ ಮೂಲಗಳಿಂದ ಕೊಳ್ಳಬೇಕೆಂದು ಗೊತ್ತುಪಡಿಸುವ ಹೊಣೆಯನ್ನು 2003ರ ವಿದ್ಯುತ್ ಕಾಯ್ದೆಯ 86ನೆಯ ಕಲಮು ರಾಜ್ಯ ಆಯೋಗಕ್ಕೆ ವಹಿಸಿದೆ. ಹೀಗೆ ಗಿರಾಕಿ ಸಿಕ್ಕಿದ. ದರದ ಮಾತು ಬೇರೆ. 2016ರ ದರ ನೀತಿಯು ಟೆಂಡರಿನ ಪೈಪೋಟಿಗೆ ಒತ್ತು ಕೊಟ್ಟಿತು. ಬಿಸಿಲಿಗೆ, ಗಾಳಿಗೆ ಕಾಸು ಕೊಡಬೇಕಿಲ್ಲ. ಸಿಪ್ಪೆಯನ್ನಾದರೆ ಕಾಗದದ ಗಿರಣಿಗಳೂ ಕೊಳ್ಳುತ್ತವೆ. ಆದ್ದರಿಂದ ಸಿಪ್ಪೆಯನ್ನು ಹಾಗೆಯೇ ಮಾರುವುದಕ್ಕಿಂತ ವಿದ್ಯುತ್ತಿನಿಂದ ಹೆಚ್ಚು ಉಳಿಯಬೇಕು, ಯಂತ್ರದ ಸಾಲವೂ ತೀರಬೇಕು. ಇಲ್ಲದಿದ್ದರೆ ಹೊರೆ ನಮ್ಮ ಮೇಲೆಯೇ.

ಇನ್ನು ಪಾಲು. ಸಕ್ಕರೆ, ಕಾಕಂಬಿ, ಸಿಪ್ಪೆ, ಮಡ್ಡಿ ಇವೆಲ್ಲದರ ಆದಾಯದಲ್ಲಿ ಶೇಕಡಾ 70 ಬೆಳೆಗಾರನದು, ಸಕ್ಕರೆಯೊಂದನ್ನೇ ಲೆಕ್ಕ ಹಿಡಿದರೆ ಶೇಕಡಾ 75 ಎಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ಮಹಾರಾಷ್ಟ್ರವು 2013ರಲ್ಲಿ ಕಬ್ಬಿನ ದರದ ಕಾಯ್ದೆ ಮಾಡಿ ಇದೇ ದಾರಿ ಹಿಡಿಯಿತು.

ಆದುದರಿಂದ ವಾರ್ಷಿಕ ಸಭೆಗೆ ತಪ್ಪದೆ ಬನ್ನಿರಿ. ಸಿಪ್ಪೆ ಎಷ್ಟು ಉಳಿಯಿತು, ಎಷ್ಟು ಯೂನಿಟ್ ಮಾರಿತು, ಯಾವ ದರಕ್ಕೆ, ಸಾಲ ಎಷ್ಟು ತೀರಿತು—ಈ ನಾಲ್ಕು ಲೆಕ್ಕ ಕೇಳಿರಿ. ತೂಕದ ಕಾಟಾ ಮೇಲೆ ಇಡುವ ಕಣ್ಣನ್ನು ಸಿಪ್ಪೆಯ ಮೇಲೂ ಇಡೋಣ.